ತೋಟದಕ್ಕನ ಉತ್ತರ: ಆ ಸಲಹೆ ಯಾವ ಊರಿನದು?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಥರದವು. ಮೊಬೈಲ್‌ನಲ್ಲಿ ಹೀಗೆ ನೋಡಿದೆ, ಹಾಗೇ ಮಾಡಿದೆ, ಆಗಲಿಲ್ಲ, ಯಾಕೆ? ಅದಕ್ಕೇ ಈ ತಿಂಗಳು ಅಂಥ ಪ್ರಶ್ನೆಗಳನ್ನೇ ಆರಿಸಿಕೊಂಡಿದ್ದೇನೆ. ನಾನು ತೋಟಗಾರಿಕೆ ಇಲಾಖೆಯಲ್ಲಿದ್ದಾಗ ಜನ ಎಲೆ, ಹುಳ, ಕೊಳೆತ ಕಾಯಿ ಎಲ್ಲ ಚೀಲದಲ್ಲಿ ತಂದು ಮೇಜಿನ ಮೇಲೆ ಸುರಿಯುತ್ತಿದ್ದರು. ಈಗ ನಿವೃತ್ತಿಯಾಗಿ ತೀರ್ಥಹಳ್ಳಿ ಕಡೆ ತಮ್ಮನ ಅಡಿಕೆ ತೋಟದ ಪಕ್ಕ ಇದ್ದೇನೆ. ಚೀಲದ ಬದಲು ಫೋಟೊ ಬರುತ್ತವೆ. ನಾನು ಮೊದಲು ಕೇಳುವುದು ಮಾತ್ರ ಆಗಲೂ ಈಗಲೂ ಒಂದೇ: ಯಾವ ಊರು?

ಪ್ರಶ್ನೆ: ನಮ್ಮದು ಬೆಂಗಳೂರಿನಲ್ಲಿ ಮೂರನೇ ಮಹಡಿಯ ಮನೆ. ದಕ್ಷಿಣಕ್ಕೆ ಬಾಲ್ಕನಿ. ದಕ್ಷಿಣದ ಬಾಲ್ಕನಿಯೇ ತರಕಾರಿಗೆ ಎಲ್ಲಕ್ಕಿಂತ ಒಳ್ಳೆಯದು ಎಂದು ವಿಡಿಯೊಗಳಲ್ಲಿ ನೋಡಿ ಮೇ ತಿಂಗಳಲ್ಲಿ ಟೊಮೆಟೊ ಹಾಕಿದೆ. ಗಿಡ ಉದ್ದಕ್ಕೆ ಬೆಳೆದು ಬಾಗಿದೆ. ಒಂದು ಹೂವೂ ಇಲ್ಲ. ಗೊಬ್ಬರ ಯಾವುದು ಹಾಕಲಿ?
— ಗೃಹಿಣಿ, ಬೆಂಗಳೂರು

ಗೊಬ್ಬರ ಬೇಡಮ್ಮ, ಗಿಡಕ್ಕೆ ಬಿಸಿಲಿಲ್ಲ. ಮೇ ತಿಂಗಳಲ್ಲಿ, ಅದೂ ದಕ್ಷಿಣದ ಬಾಲ್ಕನಿಯಲ್ಲಿ, ಬಿಸಿಲಿಲ್ಲ ಅಂದರೆ ಹೇಗೆ ಅಂತೀರಾ? ನೀವು ನೋಡಿದ ವಿಡಿಯೊ ಇಂಗ್ಲೆಂಡಿನದೋ ಅಮೆರಿಕದ್ದೋ ಇರಬೇಕು. ಲಂಡನ್ ಭೂಮಧ್ಯರೇಖೆಯಿಂದ 51 ಡಿಗ್ರಿ ಮೇಲಿದೆ. ಅಲ್ಲಿ ವರ್ಷದ ಯಾವ ದಿನ ನೋಡಿದರೂ ಮಧ್ಯಾಹ್ನದ ಸೂರ್ಯ ದಕ್ಷಿಣದಲ್ಲೇ ಇರುತ್ತಾನೆ. ಹಾಗಾಗಿ ದಕ್ಷಿಣದ ಕಿಟಕಿ ಅವರಿಗೆ ಬಂಗಾರ.

ಬೆಂಗಳೂರು ಇರುವುದು 13 ಡಿಗ್ರಿಯಲ್ಲಿ. ಏಪ್ರಿಲ್ 24ರ ಹೊತ್ತಿಗೆ ಸೂರ್ಯ ನಿಮ್ಮ ನೆತ್ತಿಯ ಮೇಲೇ ಬರುತ್ತಾನೆ. ಶಾಲೆ ಮಕ್ಕಳು ನೆಟ್ಟಗೆ ಕೋಲು ನಿಲ್ಲಿಸಿ ನೆರಳಿಲ್ಲದ ದಿನ ಅಂತ ನೋಡುತ್ತಾರಲ್ಲ, ಅದೇ ದಿನ. ಆಮೇಲೆ ಉತ್ತರಕ್ಕೆ ದಾಟುತ್ತಾನೆ. ಮತ್ತೆ ನೆತ್ತಿಗೆ ಬರುವುದು ಆಗಸ್ಟ್ 18ರ ಸುಮಾರಿಗೆ. ನಡುವಿನ ಈ ನಾಲ್ಕು ತಿಂಗಳು ನಡುಹಗಲಿನ ಬಿಸಿಲು ಬರುವುದು ಉತ್ತರದಿಂದ. ಜೂನ್‌ನಲ್ಲಂತೂ ಸೂರ್ಯ ಹುಟ್ಟುವುದು, ನಡುನೆತ್ತಿಯ ಹತ್ತಿರ ಹಾಯುವುದು, ಮುಳುಗುವುದು ಎಲ್ಲ ಉತ್ತರದ ಬದಿಯಲ್ಲೇ. ಮೇಲೊಂದು ಸ್ಲ್ಯಾಬ್ ಬೇರೆ ಇದ್ದರೆ ನಿಮ್ಮ ಬಾಲ್ಕನಿಗೆ ನೇರ ಬಿಸಿಲು ಒಂದು ಗಳಿಗೆಯೂ ಬೀಳುವುದಿಲ್ಲ.

ಹಾಗಂತ ಬಾಲ್ಕನಿ ದಂಡವಲ್ಲ. ಡಿಸೆಂಬರ್‌ನಲ್ಲಿ ನೋಡಿ, ಸೂರ್ಯ ದಕ್ಷಿಣಕ್ಕೆ ವಾಲಿ ಬಿಸಿಲು ನಿಮ್ಮ ಮನೆಯ ಬಾಗಿಲ ತನಕ ಬರುತ್ತದೆ. ಟೊಮೆಟೊ, ಮೆಣಸಿನಕಾಯಿ, ಬದನೆಯ ಸಸಿಗಳನ್ನು ಸೆಪ್ಟೆಂಬರ್ ಕೊನೆಗೆ ಕುಂಡಕ್ಕೆ ಹಾಕಿ. ಫೆಬ್ರವರಿ ತನಕ ಕಾಯಿ ಕೀಳಬಹುದು. ಮೇ ತಿಂಗಳಿಂದ ಆಗಸ್ಟ್ ತನಕ ಅದೇ ಜಾಗದಲ್ಲಿ ದೊಡ್ಡಪತ್ರೆ, ಪುದೀನ, ಒಂದೆಲಗ ಇಟ್ಟುಕೊಳ್ಳಿ. ಅವಕ್ಕೆ ಅರೆನೆರಳು ಸಾಕು. ಉತ್ತರಕ್ಕೆ ಬಾಲ್ಕನಿ ಇರುವ ನಿಮ್ಮ ಎದುರುಮನೆಯವರಿಗೆ ಇದೇ ಲೆಕ್ಕ ತಿರುಗಾಮುರುಗಾ. ಬೀದರಿನವರಿಗೆ ಲೆಕ್ಕ ಸ್ವಲ್ಪ ಬದಲಾಗುತ್ತದೆ. ಅಲ್ಲಿ ಸೂರ್ಯ ಉತ್ತರದಲ್ಲಿರುವುದು ಮೇ ನಡುವಿನಿಂದ ಜುಲೈ ಕೊನೆಯವರೆಗೆ ಮಾತ್ರ.

ಪ್ರಶ್ನೆ: ಆನ್‌ಲೈನ್‌ನಲ್ಲಿ ದೊಡ್ಡ ಹಳದಿ ಈರುಳ್ಳಿಯ ವಿದೇಶಿ ಬೀಜ ತರಿಸಿದೆ. ಒಂದೊಂದು ಗೆಡ್ಡೆ ಅರ್ಧ ಕಿಲೋ ಬರುತ್ತದೆ ಎಂದಿದ್ದರು. ಸೊಪ್ಪು ಸೊಂಪಾಗಿ ಬಂತು, ಗೆಡ್ಡೆಯೇ ಕಟ್ಟಲಿಲ್ಲ. ಬೀಜ ನಕಲಿಯೇ?
— ಓದುಗರು, ಹುಬ್ಬಳ್ಳಿ

ಬೀಜ ಅಸಲಿಯೇ ಇರಬಹುದು, ರಾಯರೇ. ಈರುಳ್ಳಿ ಗೆಡ್ಡೆ ಕಟ್ಟುವುದು ಹಗಲಿನ ಉದ್ದ ನೋಡಿ. ಯುರೋಪು ಮತ್ತು ಅಮೆರಿಕದ ಉತ್ತರ ಭಾಗದ ತಳಿಗಳಿಗೆ ದಿನಕ್ಕೆ 14 ಗಂಟೆಗಿಂತ ಜಾಸ್ತಿ ಹಗಲು ಬೇಕು. ಅಲ್ಲಿಯ ಬೇಸಿಗೆಯಲ್ಲಿ ಅದು ಸಿಗುತ್ತದೆ. ಹುಬ್ಬಳ್ಳಿಯಲ್ಲಿ ವರ್ಷದ ಅತಿ ದೊಡ್ಡ ಹಗಲು ಕೂಡ ಹೆಚ್ಚುಕಡಿಮೆ 13 ಗಂಟೆ. ಆ ಗಿಡ ಪಾಪ ಇನ್ನೂ ಹೊತ್ತಾಗಿಲ್ಲ ಅಂತ ಕಾಯುತ್ತಲೇ ಇರುತ್ತದೆ. ನೀವು ಎಷ್ಟು ಗೊಬ್ಬರ ಸುರಿದರೂ ಸೊಪ್ಪು ಬರುತ್ತದೆ, ಅಷ್ಟೇ.

ಬಳ್ಳಾರಿ ಕೆಂಪು, ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರ ಅರ್ಕಾ ಕಲ್ಯಾಣ್, ಅರ್ಕಾ ನಿಕೇತನ್ ಇವೆಲ್ಲ ನಮ್ಮ ಸಣ್ಣ ಹಗಲಿಗೆ ಒಗ್ಗಿದ ತಳಿಗಳು. ಬೀಜದ ಪೊಟ್ಟಣದ ಮೇಲೆ ದೀರ್ಘ ಹಗಲಿನ ತಳಿ ಎಂಬ ಅರ್ಥದ ಮಾತಿದ್ದರೆ ಅಲ್ಲಿಗೇ ಕೈಬಿಡಿ. ಈಗ ಬಂದಿರುವ ಸೊಪ್ಪನ್ನು ಕತ್ತರಿಸಿ ಝುಣಕ ಮಾಡಿ, ರೊಟ್ಟಿ ಜೊತೆ ಚೆನ್ನಾಗಿರುತ್ತದೆ.

ಪ್ರಶ್ನೆ: ನೀಲಿ ಗುಲಾಬಿ, ಕಾಮನಬಿಲ್ಲಿನ ಗುಲಾಬಿ ಅಂತ ಬೀಜ ಮಾರುತ್ತಿದ್ದಾರೆ. ತರಿಸಲೇ?
— ಕಾಲೇಜು ವಿದ್ಯಾರ್ಥಿನಿ, ಮಂಡ್ಯ

ಬೇಡ ಮಗಳೇ. ಆ ಬಣ್ಣ ಹೂವಿನದಲ್ಲ, ಕಂಪ್ಯೂಟರಿನದು. ಇನ್ನೊಂದು ವಿಷಯ ಕೇಳು. ಗುಲಾಬಿ ನರ್ಸರಿಯವರು ಬೀಜದಿಂದ ಗಿಡ ಮಾಡುವುದೇ ಇಲ್ಲ. ಕಡ್ಡಿ ನೆಡುತ್ತಾರೆ, ಇಲ್ಲವೇ ಕಣ್ಣು ಕೂರಿಸುತ್ತಾರೆ. ಬೀಜದಿಂದ ಬಂದ ಗಿಡ ತಾಯಿಯ ಹೂವನ್ನೇ ಬಿಡುತ್ತದೆ ಅನ್ನುವ ಖಾತ್ರಿ ಇಲ್ಲ. ಗುಲಾಬಿ ಬೀಜ ಅಂತ ಮಾರುತ್ತಿದ್ದಾರೆ ಅಂದಾಗಲೇ ಅನುಮಾನ ಪಡಬೇಕು.

ಪ್ರಶ್ನೆ: ಮೆಕ್ಕೆಜೋಳ ಮೊಣಕಾಲುದ್ದ ಇದೆ. ಎಲೆಯಲ್ಲಿ ತೂತು, ಸುಳಿಯಲ್ಲಿ ಹುಳ. ವಾಟ್ಸ್ಆ್ಯಪ್ ಗುಂಪಿನಲ್ಲಿ ಫೋಟೊ ಹಾಕಿದೆ. ಐದು ಜನ ಐದು ಔಷಧಿ ಹೇಳಿದರು. ಒಬ್ಬರು ಐದನ್ನೂ ಬೆರೆಸಿ ಹೊಡಿ ಅಂದರು. ಯಾರ ಮಾತು ಕೇಳಲಿ?
— ಯುವ ರೈತ, ಹೊನ್ನಾಳಿ

ಬೆರೆಸಿ ಹೊಡಿ ಅಂದವರ ಮಾತಂತೂ ಬೇಡ ತಮ್ಮಾ. ನೀನು ಕಳಿಸಿದ ಫೋಟೊದಲ್ಲಿ ಎಲೆ ಇದೆ, ತೂತು ಇದೆ, ಹಿಂದೆ ನಿನ್ನ ಬೈಕೂ ಇದೆ. ಹುಳ ಮಾತ್ರ ಇಲ್ಲ. ಐದು ಉತ್ತರ ಬಂದಿದ್ದು ಅದಕ್ಕೇ.

ಸುಳಿ ಬಿಚ್ಚಿ ಹುಳ ತೆಗೆದು ಬಿಳಿ ಹಾಳೆಯ ಮೇಲೆ ಬಿಡು. ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಡು, ಅಳತೆ ಗೊತ್ತಾಗಲಿ. ನೆರಳಿನಲ್ಲಿ ನಿಂತು ತಲೆಯದ್ದೊಂದು, ಬಾಲದ್ದೊಂದು ಫೋಟೊ ತೆಗೆ. ತಲೆಯ ಮೇಲೆ ತಲೆಕೆಳಗಾದ ಕವೆಗೋಲಿನ ಹಾಗೆ ತಿಳಿಬಣ್ಣದ ಗೆರೆ ಇದೆಯಾ? ಬಾಲದ ತುದಿಗಿಂತ ಸ್ವಲ್ಪ ಮುಂಚೆ ನಾಲ್ಕು ಕಪ್ಪು ಚುಕ್ಕೆ ಚೌಕವಾಗಿ ಕೂತಿವೆಯಾ? ಸುಳಿಯಲ್ಲಿ ಒದ್ದೆ ಮರದ ಹೊಟ್ಟಿನಂಥ ಹಿಕ್ಕೆ ತುಂಬಿದೆಯಾ? ಮೂರೂ ಇದ್ದರೆ ಅದು ಫಾಲ್ ಸೈನಿಕ ಹುಳು.

ಈ ಹುಳ ಮೂಲತಃ ಅಮೆರಿಕ ಖಂಡದ್ದು. ಭಾರತದಲ್ಲಿ ಮೊದಲು ಕಂಡಿದ್ದು ನಿಮ್ಮ ಪಕ್ಕದ ಶಿವಮೊಗ್ಗ ಜಿಲ್ಲೆಯಲ್ಲೇ, 2018ರ ಮೇ ತಿಂಗಳಲ್ಲಿ. ಗುರುತಿಸಿದವರು ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯದ ವಿಜ್ಞಾನಿಗಳು. ಇಂಗ್ಲಿಷಿನಲ್ಲಿ ಹುಡುಕಿದರೆ ಇದರ ಬಗ್ಗೆ ಅಮೆರಿಕದ ಮಾಹಿತಿ ರಾಶಿ ಬೀಳುತ್ತದೆ. ಆದರೆ ಅಲ್ಲಿ ಹುಳಕ್ಕೆ ತಡೆ ಇರುವ ಬಿಟಿ ಮೆಕ್ಕೆಜೋಳ ಬೆಳೆಯುತ್ತಾರೆ. ನಮ್ಮಲ್ಲಿ ಅದಕ್ಕೆ ಅನುಮತಿ ಇಲ್ಲ. ಅವರ ಲೆಕ್ಕ ನಮಗೆ ಕೂಡಿಬರುವುದಿಲ್ಲ.

ಹುಳ ಸಣ್ಣದಿದ್ದಾಗಲೇ ಕೆಲಸ ಆಗಬೇಕು. ದೊಡ್ಡದಾಗಿ ಸುಳಿಯೊಳಗೆ ಕೂತು ಹಿಕ್ಕೆಯ ಬಿರಡೆ ಹಾಕಿಕೊಂಡರೆ ಯಾವ ಔಷಧಿಯೂ ಒಳಗೆ ಇಳಿಯುವುದಿಲ್ಲ. ವಾರಕ್ಕೆರಡು ಸಲ ಹೊಲ ಸುತ್ತಿ ಎಲೆಯ ಮೇಲಿನ ಮೊಟ್ಟೆಯ ಗುಂಪನ್ನು ಹೊಸಕಿಬಿಡು. ಔಷಧಿ ಹೊಡೆಯಲೇಬೇಕಾದರೆ ಸಂಜೆ ಹೊತ್ತು, ಸುಳಿಗೇ ಬೀಳುವ ಹಾಗೆ ಹೊಡಿ. ಎಮಾಮೆಕ್ಟಿನ್ ಬೆಂಜೋಯೇಟ್ ಶೇ. 5ರ ಹರಳಾದರೆ ಲೀಟರಿಗೆ 0.4 ಗ್ರಾಂ. ಅಂಗಡಿಯಲ್ಲಿ ಡಬ್ಬಿ ಕೈಗೆ ತಗೊಂಡು ಲೇಬಲ್ ಓದು. ನಿನ್ನ ಬೆಳೆ, ನಿನ್ನ ಹುಳ ಎರಡರ ಹೆಸರೂ ಅದರಲ್ಲಿ ಇರಬೇಕು. ಡಬ್ಬಿಯ ಮೇಲಿನ ಕೆಂಪು, ಹಳದಿ, ನೀಲಿ, ಹಸಿರು ಗುರುತು ವಿಷ ಎಷ್ಟು ಜೋರಿದೆ ಅಂತ ಹೇಳುತ್ತದೆ. ಕೆಂಪು ಎಲ್ಲಕ್ಕಿಂತ ಜೋರು. ಗುಂಪಿನಲ್ಲಿ ಸಲಹೆ ಕೊಟ್ಟ ಐವರಲ್ಲಿ ಎಷ್ಟು ಜನ ಔಷಧಿ ಅಂಗಡಿಯವರು ಅಂತ ವಿಚಾರಿಸು. ನನಗೆ ಸುಮ್ನೆ ಒಂದು ಕುತೂಹಲ.

ಪ್ರಶ್ನೆ: ಕುಂಡದ ನಿಂಬೆ ಗಿಡದ ಎಲೆ ಹಳದಿಯಾಗಿದೆ. ಫೋಟೊ ನೋಡಿ ರೋಗ ಹೇಳುವ ಮೂರು ಆ್ಯಪ್ ಹಾಕಿಕೊಂಡೆ. ಮೂರೂ ಮೂರು ರೋಗ ಹೇಳಿದವು.
— ನಿವೃತ್ತ ಶಿಕ್ಷಕರು, ತುಮಕೂರು

ಮೇಷ್ಟ್ರೇ, ಯಾವ ಎಲೆ ಹಳದಿಯಾಗಿದೆ? ಕೆಳಗಿನ ಹಳೆ ಎಲೆಯೋ, ತುದಿಯ ಚಿಗುರೋ? ಆ್ಯಪ್ ನೋಡುವುದು ಒಂದು ಎಲೆಯನ್ನು. ಅದು ಗಿಡದ ಯಾವ ಜಾಗದ್ದು ಅಂತ ಅದಕ್ಕೆ ಗೊತ್ತಿಲ್ಲ. ಇಡೀ ಉತ್ತರ ನಿಂತಿರುವುದು ಅಲ್ಲೇ.

ಸಾರಜನಕ ಕಡಿಮೆಯಾದರೆ ಗಿಡ ಹಳೆ ಎಲೆಯಿಂದ ಅದನ್ನು ಕಿತ್ತು ಚಿಗುರಿಗೆ ಕಳಿಸುತ್ತದೆ. ಹಾಗಾಗಿ ಕೆಳಗಿನ ಎಲೆಗಳು ಪೂರ್ತಿ ಹಳದಿಯಾಗುತ್ತವೆ. ಮೆಗ್ನೀಸಿಯಂ ಕಡಿಮೆಯಾದರೂ ಹಳೆ ಎಲೆಗೇ ಪೆಟ್ಟು. ಆದರೆ ನಿಂಬೆಯಲ್ಲಿ ತೊಟ್ಟಿನ ಹತ್ತಿರ ಒಂದು ಹಸಿರು ತ್ರಿಕೋನ ಉಳಿದು ಸುತ್ತ ಹಳದಿಯಾಗುತ್ತದೆ. ಕಬ್ಬಿಣಾಂಶ ಹಾಗಲ್ಲ, ಒಂದು ಸಲ ಎಲೆ ಸೇರಿದರೆ ಅಲ್ಲಿಂದ ಕದಲುವುದಿಲ್ಲ. ಅದರ ಕೊರತೆ ಕಾಣುವುದು ಚಿಗುರಿನಲ್ಲಿ. ನರ ಹಸಿರು, ನಡುವೆಲ್ಲ ಹಳದಿ. ನಿಮ್ಮ ಕಡೆ ಬೋರ್‌ವೆಲ್ ನೀರು ಗಡಸಾಗಿದ್ದರೆ ಇದರ ಸಾಧ್ಯತೆ ಜಾಸ್ತಿ. ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಕ್ಷಾರದ ಮಣ್ಣಿನಿಂದ ಬೇರು ಅದನ್ನು ಎಳೆದುಕೊಳ್ಳಲಾರದು.

ಇದ್ಯಾವುದನ್ನೂ ನೋಡುವ ಮೊದಲು ಬೆರಳನ್ನು ಎರಡು ಇಂಚು ಮಣ್ಣಿಗೆ ಇಳಿಸಿ. ಒದ್ದೆ ಮುದ್ದೆಯಾಗಿದೆಯಾ? ಕುಂಡದ ಕೆಳಗಿನ ತೂತು ಕಟ್ಟಿದೆಯಾ? ಮನೆಯ ಗಿಡಗಳ ಹಳದಿಗೆ ಬಹಳ ಸಲ ಕಾರಣ ಪ್ರೀತಿಯಿಂದ ದಿನಾ ಎರಡು ಸಲ ಹಾಕುವ ನೀರು. ಆ್ಯಪ್ ತೆಗೆದುಹಾಕಬೇಕಿಲ್ಲ. ಕೀಟಗಳ ಹೆಸರು ಪತ್ತೆಗೆ ಅವು ಪರವಾಗಿಲ್ಲ. ಹೆಸರು ಸಿಕ್ಕಿದ ಮೇಲೆ ಅದನ್ನು ಬೇರೆ ಕಡೆ ಹುಡುಕಿ ಹೋಲಿಸಿ ನೋಡಬೇಕು.

ಪ್ರಶ್ನೆ: ಟೊಮೆಟೊ ಕಾಯಿಯ ತಳ ಕಪ್ಪಾಗುತ್ತಿದೆ. ಮೊಟ್ಟೆ ಚಿಪ್ಪು, ಎಪ್ಸಮ್ ಉಪ್ಪು ಎರಡೂ ಹಾಕಿ ಅನ್ನುತ್ತಾರೆ.
— ಓದುಗರು, ಮೈಸೂರು

ತಳಕ್ಕೆ ಸುಣ್ಣದ ಅಂಶ ತಲುಪದೆ ಹೀಗಾಗುತ್ತದೆ. ಸಾಮಾನ್ಯವಾಗಿ ಮಣ್ಣಿನಲ್ಲಿ ಸುಣ್ಣ ಇರುತ್ತದೆ, ಹೊತ್ತೊಯ್ಯುವ ನೀರು ಹೆಚ್ಚುಕಡಿಮೆ ಆಗಿರುತ್ತದೆ. ಎರಡು ದಿನ ಒಣಗಿಸಿ ಮೂರನೇ ದಿನ ಮುಳುಗಿಸಬೇಡಿ. ಮೊಟ್ಟೆ ಚಿಪ್ಪು ಕರಗುವ ಹೊತ್ತಿಗೆ ಈ ಗಿಡದ ಆಯಸ್ಸೇ ಮುಗಿದಿರುತ್ತದೆ. ಎಪ್ಸಮ್ ಉಪ್ಪಿನಲ್ಲಿರುವುದು ಮೆಗ್ನೀಸಿಯಂ. ಅದು ಜಾಸ್ತಿಯಾದರೆ ಬೇರು ಸುಣ್ಣ ಎಳೆಯುವುದಕ್ಕೇ ಅಡ್ಡಿ.

ಪ್ರಶ್ನೆ: ತಾರಸಿಯ ಕುಂಡಗಳಿಗೆ ಜೀವಾಮೃತ ಮಾಡಿ ಒಂದೊಂದಕ್ಕೆ ಒಂದು ಚೊಂಬು ಹಾಕಿದೆ. ವಾಸನೆಗೆ ಪಕ್ಕದ ಮನೆಯವರು ಜಗಳಕ್ಕೆ ಬಂದರು. ಅಳತೆ ವಿಡಿಯೊದಲ್ಲಿ ಹೇಳಿದಂತೆಯೇ ಇತ್ತು.
— ಓದುಗರು, ಧಾರವಾಡ

ವಿಡಿಯೊದ ಅಳತೆ ಸರಿಯೇ ಇದೆ: 200 ಲೀಟರ್ ನೀರು, 10 ಕಿಲೋ ನಾಟಿ ಹಸುವಿನ ಸಗಣಿ, 5ರಿಂದ 10 ಲೀಟರ್ ಗಂಜಲ, 2 ಕಿಲೋ ಬೆಲ್ಲ, 2 ಕಿಲೋ ಕಾಳಿನ ಹಿಟ್ಟು, ಬದುವಿನ ಒಂದು ಹಿಡಿ ಮಣ್ಣು. ಆದರೆ ಅಷ್ಟೂ ಒಂದು ಎಕರೆಗೆ. ಎಕರೆ ಅಂದರೆ 43,560 ಚದರ ಅಡಿ. ನೀವೇ ಭಾಗಿಸಿ. ಒಂದಡಿ ಅಗಲದ ಕುಂಡದ ಪಾಲಿಗೆ ಒಂದು ಟೀ ಚಮಚವೂ ಬರುವುದಿಲ್ಲ. ನೀವು ಹಾಕಿದ್ದು ಚೊಂಬು! ಹತ್ತು ಪಾಲು ನೀರು ಬೆರೆಸಿ ಕುಂಡಕ್ಕೆ ಅರ್ಧ ಲೋಟ ಹಾಕಿದರೆ ಧಾರಾಳವಾಯಿತು. ಪಕ್ಕದ ಮನೆಯವರಿಗೆ ಮೊದಲ ಬದನೆಕಾಯಿ ಕೊಟ್ಟುಬಿಡಿ.

ಪ್ರಶ್ನೆ: ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಮಾಡುವಾಗ ಸುಣ್ಣದ ನೀರಿಗೆ ಮೈಲುತುತ್ತ ಹುಯ್ಯಬೇಕೋ, ಮೈಲುತುತ್ತಕ್ಕೆ ಸುಣ್ಣವೋ? ಮಗ ಒಂದು ವಿಡಿಯೊ ತೋರಿಸುತ್ತಾನೆ, ಅಳಿಯ ಇನ್ನೊಂದು. ಒಬ್ಬರು ಮಳೆ ಜೋರಿದ್ದರೆ ಮೈಲುತುತ್ತ ಒಂದೂವರೆ ಪಟ್ಟು ಹಾಕಿ ಅಂತಲೂ ಹೇಳಿದ್ದಾರೆ.
— ಅಡಿಕೆ ಬೆಳೆಗಾರರು, ಸಿದ್ದಾಪುರ

ಹೆಗಡೇರೇ, ಹಿಂದೆ ಅಪ್ಪ ಮಾಡುತ್ತಿದ್ದದ್ದು ನೆನಪಿಲ್ಲವೇ? ವಿಡಿಯೊ ಬದಿಗಿಡಿ. ಶೇ. 1ರ ದ್ರಾವಣಕ್ಕೆ ಒಂದು ಕಿಲೋ ಮೈಲುತುತ್ತ (ಕಾಪರ್ ಸಲ್ಫೇಟ್) 50 ಲೀಟರ್ ನೀರಿನಲ್ಲಿ, ಒಂದು ಕಿಲೋ ಒಳ್ಳೆ ಸುಣ್ಣ ಇನ್ನೊಂದು 50 ಲೀಟರ್‌ನಲ್ಲಿ. ಸುಣ್ಣದ ನೀರನ್ನು ಕಲಕುತ್ತಾ ಅದಕ್ಕೆ ಮೈಲುತುತ್ತದ ನೀರನ್ನು ನಿಧಾನಕ್ಕೆ ಹುಯ್ಯಿರಿ. ಇಲ್ಲವೇ ಇಬ್ಬರು ನಿಂತು ಎರಡನ್ನೂ ಒಟ್ಟಿಗೆ ಮೂರನೇ ಪಾತ್ರೆಗೆ ಹುಯ್ಯಿರಿ. ಪ್ಲಾಸ್ಟಿಕ್ ಡ್ರಮ್ ಇರಲಿ, ಕಬ್ಬಿಣದ ಪಾತ್ರೆ ಬೇಡ.

ಆಮೇಲೆ ಉಜ್ಜಿ ತೊಳೆದ ಕಬ್ಬಿಣದ ಕತ್ತಿ ಅದ್ದಿ ನೋಡಿ. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು ಎಂದರ್ಥ. ಕೆಂಪು ಕೂರದ ತನಕ ಸುಣ್ಣದ ನೀರು ಸೇರಿಸುತ್ತಾ ಹೋಗಿ. ಮೈಲುತುತ್ತ ಒಂದೂವರೆ ಪಟ್ಟು ಮಾಡುವ ಮಾತಿಗೆ ಉತ್ತರ ಈ ಕತ್ತಿಯಲ್ಲೇ ಇದೆ. ಸುಣ್ಣ ಹಾಗೇ ಬಿಟ್ಟು ತುತ್ತ ಏರಿಸಿದರೆ ತಾಮ್ರ ಬಿಡಿಯಾಗಿ ಉಳಿದು ಎಳೆ ಅಡಿಕೆಯನ್ನು, ಹಿಂಗಾರವನ್ನು ಸುಡುತ್ತದೆ. ಮಾಡಿದ ದ್ರಾವಣ ಅವತ್ತೇ ಖಾಲಿಯಾಗಬೇಕು. ಮೊದಲ ಸಲ ಮಳೆಗಾಲ ಹಿಡಿಯುವ ಮುಂಚೆ, ಎರಡನೆಯದು 40-45 ದಿನ ಬಿಟ್ಟು. ಮಳೆ ಬಿಡದಿದ್ದರೆ ಮೂರನೆಯದು.

ಈ ಔಷಧಿಯೇ ಪರದೇಶದ ಸಲಹೆ ಅನ್ನುವುದನ್ನು ಮಗನಿಗೂ ಅಳಿಯನಿಗೂ ಹೇಳಿ. 1880ರ ದಶಕದಲ್ಲಿ ಫ್ರಾನ್ಸಿನ ಬೋರ್ಡೋ ಕಡೆಯ ದ್ರಾಕ್ಷಿ ತೋಟಗಳಿಗೆ ಅಂತ ಮಿಲಾರ್ಡೆ ಎನ್ನುವವರು ರೂಪಿಸಿದ್ದು. ದ್ರಾಕ್ಷಿಯ ಔಷಧಿ ಮಲೆನಾಡಿನ ಅಡಿಕೆಗೆ ಸುಮ್ನೆ ಬರಲಿಲ್ಲ. ಕೆನಡಾದಿಂದ 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಲೆಸ್ಲಿ ಕೋಲ್ಮನ್ ಇಲ್ಲಿಯ ಕೊಳೆರೋಗವನ್ನು ಇಲ್ಲೇ ಅಧ್ಯಯನ ಮಾಡಿ 1910ರಲ್ಲಿ ವರದಿ ಬರೆದರು. ಅಲ್ಲಿಯ ತನಕ ನಮ್ಮವರು ಅಡಿಕೆಯ ಗೊನೆಗೆ ಕೊಟ್ಟೆ ಎನ್ನುವ ಹೊದಿಕೆ ಕಟ್ಟಿ ಮಳೆ ತಡೆಯುತ್ತಿದ್ದರು. ದೂರದ ಸಲಹೆ ಕೆಟ್ಟದ್ದಂತೇನಲ್ಲ. ಇಲ್ಲಿಯ ಮಳೆಗೆ ಅದನ್ನು ಯಾರಾದರೂ ಒಡ್ಡಿ ನೋಡಿದ್ದಾರಾ ಅಂತ ಕೇಳಬೇಕು, ಅಷ್ಟೇ. ನಿಮ್ಮ ಅಳಿಯ ತೋರಿಸಿದ ವಿಡಿಯೊದಲ್ಲಿ ಒಣಗಿದ ನೆಲ, ಬಿಳಿ ಮೋಡ ಕಾಣುತ್ತಿದೆ. ಸಿದ್ದಾಪುರದ ಜುಲೈ ಅವರಿಗೆ ಗೊತ್ತಿಲ್ಲ ಅಂತ ಕಾಣುತ್ತದೆ.

ಪ್ರಶ್ನೆ: ಹಾಗಾದರೆ ಮೊಬೈಲ್‌ನಲ್ಲಿ ನಂಬುವಂಥದ್ದು ಏನಿದೆ? ನನ್ನದು ದ್ರಾಕ್ಷಿ, ದಾಳಿಂಬೆ. ಬೆಂಗಳೂರಿನವರ ಸಲಹೆ ನಮಗೆ ಆಗಿಬರುವುದಿಲ್ಲ.
— ಬೆಳೆಗಾರರು, ವಿಜಯಪುರ

ನಿಮ್ಮ ಮಾತು ನಿಜ, ಅಣ್ಣಾವ್ರೇ. ನಿಮ್ಮ ಹವೆ, ನಿಮ್ಮ ಮಣ್ಣು ಹೋಲುವುದು ಸೊಲ್ಲಾಪುರವನ್ನು. ರಾಷ್ಟ್ರೀಯ ದಾಳಿಂಬೆ ಸಂಶೋಧನಾ ಕೇಂದ್ರ ಇರುವುದೂ ಅಲ್ಲೇ. ದ್ರಾಕ್ಷಿಯದ್ದು ಪುಣೆಯ ಹತ್ತಿರ ಮಾಂಜರಿಯಲ್ಲಿ. ರಾಜ್ಯ ಬೇರೆಯಾದರೇನು, ಅವರ ಪುಟಗಳನ್ನು ಮೊದಲು ನೋಡಿ. ಹಾಗೇ ಪುತ್ತೂರಿನ ಅಡಿಕೆಯವರಿಗೆ ಕಾಸರಗೋಡಿನ ತೋಟದ ಬೆಳೆಗಳ ಸಂಸ್ಥೆಯೇ ಹತ್ತಿರದ್ದು. ವಿಟ್ಲದಲ್ಲಿ ಅವರ ಕೇಂದ್ರವೂ ಇದೆ. ಕೊಡಗಿನ ಕಾಳುಮೆಣಸಿಗೆ ಅಪ್ಪಂಗಳದ ಸಂಬಾರ ಬೆಳೆಗಳ ಸಂಶೋಧನಾ ಕೇಂದ್ರ. ಬಾಗಲಕೋಟೆ, ಧಾರವಾಡ, ರಾಯಚೂರು, ಶಿವಮೊಗ್ಗ, ಬೆಂಗಳೂರಿನ ಕೃಷಿ, ತೋಟಗಾರಿಕೆ ವಿಶ್ವವಿದ್ಯಾಲಯಗಳು ಬೆಳೆಗೊಂದರಂತೆ ಬೇಸಾಯ ಕ್ರಮಗಳನ್ನು ಕನ್ನಡದಲ್ಲೇ ಅಚ್ಚು ಹಾಕುತ್ತವೆ. ಓದಲು ಸಪ್ಪೆ, ಒಪ್ಪಿದೆ. ಹಿನ್ನೆಲೆ ಸಂಗೀತ ಇರುವುದಿಲ್ಲ.

ವಿಡಿಯೊ ನೋಡುವುದಾದರೆ ನಾನು ನೋಡುವ ಕ್ರಮ ಹೇಳುತ್ತೇನೆ. ತೋಟ ಯಾವ ತಾಲ್ಲೂಕಿನದು ಅಂತ ಹೇಳಿದ್ದಾರಾ? ಯಾವ ತಿಂಗಳಲ್ಲಿ ತೆಗೆದದ್ದು? ಔಷಧಿ ಹಾಕಿದ ಗಿಡವನ್ನೇ ಒಂದು ತಿಂಗಳು ಬಿಟ್ಟು ಮತ್ತೆ ತೋರಿಸಿದ್ದಾರಾ? ಪಕ್ಕದಲ್ಲಿ ಹಾಕದೇ ಬಿಟ್ಟ ಗಿಡ ಇದೆಯಾ? ಕೆಳಗೆ ಕೊಂಡುಕೊಳ್ಳುವ ಲಿಂಕ್ ಇದ್ದರೆ ನಾನು ಅಲ್ಲಿಗೇ ನಿಲ್ಲಿಸುತ್ತೇನೆ. ಇದು ನನ್ನ ಹಟ ಇರಬಹುದು, ಇರಲಿ.

ಬಾಯಲ್ಲೇ ಕೇಳಿಬಿಡೋಣ ಅಂದರೆ ಕಿಸಾನ್ ಕಾಲ್ ಸೆಂಟರ್ ಇದೆ: 1800-180-1551. 2004ರಿಂದ ನಡೆಯುತ್ತಿದೆ. ದುಡ್ಡಿಲ್ಲ. ಬೆಳಗ್ಗೆ 6ರಿಂದ ರಾತ್ರಿ 10ರವರೆಗೆ ಕನ್ನಡದಲ್ಲೇ ಮಾತಾಡುತ್ತಾರೆ. ಫೋನ್ ಮಾಡುವ ಮುಂಚೆ ಬೆಳೆಯ ವಯಸ್ಸು, ಹಿಂದಿನ ವಾರ ಹೊಡೆದ ಔಷಧಿಯ ಹೆಸರು, ಮಳೆ ಯಾವಾಗ ಬಂತು, ಇಷ್ಟನ್ನು ಚೀಟಿಯಲ್ಲಿ ಬರೆದುಕೊಳ್ಳಿ. ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಹೋಗುವಾಗ ರೋಗದ ಎಲೆ ಒಯ್ಯಿರಿ, ಆದರೆ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಬೇಡಿ. ದಾರಿಯಲ್ಲೇ ಕೊಳೆತು ಇನ್ನೊಂದು ರೋಗ ಕಾಣುತ್ತದೆ. ಹಳೆ ಪೇಪರಿನಲ್ಲಿ ಸುತ್ತಿ.

ಪ್ರಶ್ನೆ: ನಾವು ಅಮೆರಿಕದ ನ್ಯೂಜೆರ್ಸಿಯಲ್ಲಿದ್ದೇವೆ. ಅಮ್ಮನಿಗೆ ಬಸಳೆ ಸೊಪ್ಪು ಬೇಕಂತೆ. ಊರಿನ ವಿಡಿಯೊ ನೋಡಿ ಮಾರ್ಚ್‌ನಲ್ಲಿ ಹೊರಗೆ ನೆಟ್ಟೆವು, ಸತ್ತುಹೋಯಿತು.
— ಕನ್ನಡಿಗರು, ನ್ಯೂಜೆರ್ಸಿ

ನೋಡಿ, ನಿಮ್ಮದು ಉಳಿದವರಿಗಿಂತ ಉಲ್ಟಾ. ಇಲ್ಲಿ ಮಾರ್ಚ್ ಅಂದರೆ ಸೆಕೆ. ನಿಮ್ಮಲ್ಲಿ ಇನ್ನೂ ಹಿಮ ಬೀಳುವ ಕಾಲ. ಬಸಳೆಗೆ ಚಳಿ ಅಂದರೆ ಆಗದು. ನಿಮ್ಮ ರಾಜ್ಯದ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ ಜನರಿಗೆ ಬೇಸಾಯದ ಸಲಹೆ ಕೊಡುವ ವಿಭಾಗವಿದೆ. ಅಮೆರಿಕದಲ್ಲಿ 1914ರ ಒಂದು ಕಾಯಿದೆಯಿಂದ ರಾಜ್ಯ ರಾಜ್ಯಕ್ಕೂ ಇಂಥದ್ದು ಬಂತು. ಜಿಲ್ಲಾವಾರು ಕಚೇರಿಗಳೂ ಇವೆ. ನಿಮ್ಮ ಕಡೆ ಇಬ್ಬನಿ ಹೆಪ್ಪುಗಟ್ಟುವಂಥ ಚಳಿ ಕೊನೆಯಾಗುವುದು ಯಾವಾಗ ಅಂತ ಅವರನ್ನೇ ಕೇಳಿ. ಬಸಳೆಯನ್ನು ಅಲ್ಲಿ ಮಲಬಾರ್ ಸ್ಪಿನಾಚ್ ಅಂತ ಹುಡುಕಬೇಕು.

ಏಪ್ರಿಲ್‌ನಲ್ಲಿ ಮನೆಯೊಳಗೆ ಕಿಟಕಿ ಪಕ್ಕ ಬೀಜ ಹಾಕಿ. ಬೀಜವನ್ನು ಒಂದು ರಾತ್ರಿ ನೆನೆಸಿಟ್ಟರೆ ಬೇಗ ಮೊಳೆಯುತ್ತದೆ. ಮೇ ಕೊನೆಗೆ, ರಾತ್ರಿಯ ಚಳಿ ಪೂರ್ತಿ ಹೋದ ಮೇಲೆ ಹೊರಗೆ ನೆಟ್ಟು ಚಪ್ಪರ ಕಟ್ಟಿಕೊಡಿ. ಜುಲೈ, ಆಗಸ್ಟ್‌ನಲ್ಲಿ ನಿಮ್ಮ ಉದ್ದ ಹಗಲಿಗೆ ಬಳ್ಳಿ ಹಬ್ಬಿ ಅಮ್ಮ ಸಾಕು ಅನ್ನುವಷ್ಟು ಸೊಪ್ಪು ಬರುತ್ತದೆ. ಅಕ್ಟೋಬರ್‌ನಲ್ಲಿ ಚಳಿ ಬೀಳುವ ಮುಂಚೆ ನಾಲ್ಕು ದಂಟು ಕತ್ತರಿಸಿ ನೀರಿನಲ್ಲಿಡಿ, ಬೇರು ಬರುತ್ತದೆ. ಕುಂಡಕ್ಕೆ ಹಾಕಿ ಒಳಗೆ ಇಟ್ಟುಕೊಂಡರೆ ಮುಂದಿನ ವರ್ಷ ಬೀಜ ಕೊಳ್ಳಬೇಕಾಗಿಲ್ಲ.